ಮೇಜು ಬಿಡದ ರಿಜಿಸ್ಟರು

ಒಂದು ಸರಕಾರಿ ಕಚೇರಿಯಲ್ಲಿ ಒಬ್ಬ ಜವಾನನಿದ್ದ. ಅಲ್ಲಿಗೆ ಬಡವರಿಗೆ ದುಡಿಯಲು ಯಂತ್ರ ಕೊಡುವ ಯೋಜನೆ ಬಂತು. ಯಾರೂ ಹಿಂದೆ ಉಳಿಯಬಾರದು ಎಂದು ಗೋಡೆಗೆಲ್ಲ ಬರೆಸಿದ್ದರು. ಯಂತ್ರ ಬೇಕಾದವರು ಸಹಿ ಹಾಕಬೇಕಾದ ರಿಜಿಸ್ಟರು ಮಾತ್ರ ಮಹಡಿಯ ಮೇಲೆ, ಸಾಹೇಬರ ಮೇಜಿನ ಮೇಲೆ.

ಸಹಿ ಹಾಕುವ ಕಡೆಯ ದಿನ, ನಡೆಯಲಾಗದ ನೀಲಗಂಗವ್ವ ಮೂರು ಗಾಲಿಯ ಸೈಕಲ್ಲಿನಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. "ಖಾರ ಕುಟ್ಟೋ ಯಂತ್ರ ಸಿಕ್ಕರ ನನ್ನ ಹೊಟ್ಟಿ ನಡೀತೈತಿ, ಯಣ್ಣಾ."

ಜವಾನ ಮೇಲೆ ಹೋದ. "ರಿಜಿಸ್ಟರ್ ಕೆಳಗ ಒಯ್ಯಲೇನ್ರೀ?"

ಸಾಹೇಬರು ಸಿಡಿದರು. "ಸರಕಾರಿ ದಾಖಲೆ ಅದು! ಈ ಮೇಜು ಬಿಟ್ಟು ಒಂದು ಗೇಣೂ ಅಲುಗಬಾರದು!" ಹಾಗೆಂದು ಪಕ್ಕದ ಕೋಣೆಗೆ ಊಟಕ್ಕೆ ಎದ್ದರು.

ಜವಾನ ನಾಲ್ಕು ಜನರನ್ನು ಕರೆದ. ರಿಜಿಸ್ಟರು ಮುಟ್ಟಲಿಲ್ಲ. ಮೇಜನ್ನೇ ಎತ್ತಿ ಅಂಗಳಕ್ಕಿಳಿಸಿದರು. ನೀಲಗಂಗವ್ವ ಸಹಿ ಹಾಕಿದಳು.

ಉಂಡು ಬಂದ ಸಾಹೇಬರು ಕಿಟಕಿಯಲ್ಲಿ ಬಗ್ಗಿ ಕೂಗಿದರು. "ಏನೋ ಇದು?"

"ರಿಜಿಸ್ಟರ್ ಮೇಜು ಬಿಟ್ಟಿಲ್ರೀ ಸಾಹೇಬ್ರ. ಎಲ್ಲಾರೂ ಬಂದಾರ. ಹಿಂದ ಉಳದವರು ನೀವೊಬ್ಬರ."

ಸಾಹೇಬರು ಧಡಧಡ ಇಳಿದು ಬಂದರು. ಅವರು ಸೈಕಲ್ಲು ನೋಡಿದರು. ಮೆಟ್ಟಿಲು ನೋಡಿದರು. ಬಗ್ಗಿ, ನಿಂತಲ್ಲೇ ರುಜು ಹಾಕಿದರು.

"ಬೆನ್ನು ನೋಯುತ್ತೋ. ಹೋಗು, ನನ್ನ ಕುರ್ಚಿನೂ ತಗೊಂಡು ಬಾ."