ದೂಮ ಮಸ್ಕತ್ತಿನಲ್ಲಿ ರಜೆ ಕಳೆದದ್ದು

ಬನ್ನಿ, ಹತ್ತಿರ ಬನ್ನಿ. ನಗುವವರು ಮುಂದೆ ಕೂರಿ, ಆಕಳಿಸುವವರು ಹಿಂದೆ ಹೋಗಿ. ಇದು ಹೆಜಮಾಡಿಯ ಅಪ್ಪಿಯಕ್ಕ ಮತ್ತು ಅವಳ ಮಗ ದೂಮನ ಕತೆ.

ದೂಮನ ವಿಷಯ ಏನು ಹೇಳುವುದು? ವಯಸ್ಸು ಮೂವತ್ತು. ಮೀಸೆ ದಪ್ಪ. ಮನಸ್ಸು ಬಂಗಾರ. ತಲೆ ಮಾತ್ರ ಖಾಲಿ ಕೊಡ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಹಾಗೇ ಅಂದರೆ ಹಾಗೇ! ಗುಲಗಂಜಿಯಷ್ಟು ಹೆಚ್ಚಿಲ್ಲ, ಗುಲಗಂಜಿಯಷ್ಟು ಕಡಿಮೆಯಿಲ್ಲ. "ಇವನನ್ನು ಹೆತ್ತ ದಿನ ನಾನು ಯಾರ ಮುಖ ನೋಡಿದ್ದೆನೋ" ಎಂದು ಅಪ್ಪಿಯಕ್ಕ ದಿನಕ್ಕೆ ಹತ್ತು ಸಲ ಹಣೆ ಬಡಿದುಕೊಳ್ಳುತ್ತಿದ್ದಳು.

ಅಪ್ಪಿಯಕ್ಕನ ಮಗಳು ವಾರಿಜ ಮಸ್ಕತ್ತಿನಲ್ಲಿದ್ದಳು. ಗಂಡ ಜಗದೀಶ, ಐದು ವರ್ಷದ ಮಗಳು ಮಿನ್ನಿ, ಎರಡು ವರ್ಷದ ಮಗ ಕಿಟ್ಟು. ಕಿಟ್ಟು ಹುಟ್ಟಿದ್ದು ಅಲ್ಲೇ. ಅಜ್ಜಿ ಅವನನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಹಾಗಾಗಿ ಒಂದು ತಿಂಗಳ ವೀಸಾ ಮಾಡಿಸಿ ಅಪ್ಪಿಯಕ್ಕ ಮಸ್ಕತ್ತಿಗೆ ಹೊರಟಳು. ದೂಮನನ್ನೂ ಕರೆದುಕೊಂಡಳು. ಕೇಳಿದವರಿಗೆಲ್ಲ "ಜೊತೆಗೊಬ್ಬ ಗಂಡಸು ಬೇಡವಾ?" ಅಂದಳು. ನಿಜ ಏನೆಂದರೆ, ಅವನನ್ನು ಒಬ್ಬನೇ ಬಿಟ್ಟು ಹೋದರೆ ತಿರುಗಿ ಬರುವಾಗ ಮನೆ ಇರುತ್ತದೋ ಇಲ್ಲವೋ ಎಂಬ ಭಯ!

ಹೋದಳು. ಬಾಗಿಲಲ್ಲೇ ಕೈ ಚಾಚಿದಳು. "ಬಾ ನನ್ನ ಚಿನ್ನ!" ಕಿಟ್ಟು ಕಿಟಾರನೆ ಕಿರುಚಿದ. ಓಡಿ ಸೋಫಾದ ಹಿಂದೆ ಅಡಗಿದ. ಪಾಪ, ಅವನ ಅಜ್ಜಿ ಅಂಗೈಯಷ್ಟು ದೊಡ್ಡವಳು, ಫೋನಿನ ಒಳಗೆ ಇರುವವಳು. ಬಾಗಿಲು ತುಂಬ ನಿಂತ ಈ ಹೆಂಗಸು ಯಾರು? "ಅಜ್ಜಿ ಎಲ್ಲಿ ಕಿಟ್ಟು?" ಅಂದರೆ ಫೋನು ತೋರಿಸುತ್ತಿದ್ದ. ಎದುರಿಗೆ ಕೂತ ಅಜ್ಜಿಯನ್ನು ಕಂಡರೆ ಅಳುತ್ತಿದ್ದ. ದೂಮನ ಹೆಗಲಿನಿಂದ ಮಾತ್ರ ಇಳಿಯುತ್ತಿರಲಿಲ್ಲ!

ಇಪ್ಪತ್ತಾರು ದಿನ ಹೀಗೇ ಹೋಯಿತು. ಉಳಿದದ್ದು ನಾಲ್ಕು. ಅಷ್ಟರಲ್ಲಿ ಜಗದೀಶನಿಗೆ ಈದ್ ರಜೆ ಸಿಕ್ಕಿತು, ಮೂರೇ ದಿನ. ವಾರಿಜ ಯೋಜನೆ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಮೊದಲ ದಿನ ಬೆಳಿಗ್ಗೆ ಬೀಚು, ಸಂಜೆ ಮಕ್ಕಳ ಆಟದ ಜಾಗ. ಎರಡನೆಯ ದಿನ ದೊಡ್ಡ ಹೋಟೆಲಿನಲ್ಲಿ ಊಟ. ಮೂರನೆಯ ದಿನ ದೋಣಿಯಲ್ಲಿ ಹೋಗಿ ಡಾಲ್ಫಿನ್ ನೋಡುವುದು. ನಾಲ್ಕನೆಯ ದಿನ ಅಮ್ಮನ ವಿಮಾನ.

"ಹೊರಗೆ ನಾಲ್ಕು ಕಡೆ ತಿರುಗಿದರೆ ಮಗು ನಿನಗೆ ಒಗ್ಗಿಕೊಳ್ತದೆ ಅಮ್ಮ" ಅಂದಳು ವಾರಿಜ.

"ಒಂದು ಸಲ, ಒಂದೇ ಒಂದು ಸಲ ನನ್ನ ಮಡಿಲಲ್ಲಿ ಕೂತರೆ ಸಾಕು ಮಗಳೇ. ಮತ್ತೆ ಎಷ್ಟು ವರ್ಷಕ್ಕೋ ಏನೋ!" ಅಂದಳು ಅಪ್ಪಿಯಕ್ಕ.

ಮೊದಲ ದಿನ ಬೆಳಿಗ್ಗೆ ಐದೂವರೆ. ಅಲ್ಲಿಯ ಬಿಸಿಲು ಗೊತ್ತಲ್ಲ, ಎಂಟು ಗಂಟೆ ಕಳೆದರೆ ಮರಳಿನ ಮೇಲೆ ಹಪ್ಪಳ ಸುಡಬಹುದು. ವಾರಿಜ ಅವಸರದಲ್ಲಿ ಕೂಗಿದಳು. "ದೂಮ, ಕಿಟ್ಟುವಿಗೆ ಏನೇನು ಬೇಕೋ ಅದನ್ನೆಲ್ಲ ಈ ಬ್ಯಾಗಿಗೆ ತುಂಬಿಸು ಮಾರಾಯ!"

ದೂಮ ಬ್ಯಾಗು ಹಿಡಿದು ಕಿಟ್ಟುವಿನ ಮುಂದೆ ಕೂತ. ಏನೇನು ಬೇಕು ಅಂತ ಅವನನ್ನೇ ಕೇಳಬೇಕಲ್ಲ?

"ಕಿಟ್ಟು, ಟೀವಿ ರಿಮೋಟು ಬೇಕಾ?" "ಬೇಕು!" ಹಾಕಿದ.

"ಅಪ್ಪನ ಚಪ್ಪಲಿ ಬೇಕಾ?" "ಬೇಕು!" ಹಾಕಿದ.

"ಬಟಾಟೆ ಬೇಕಾ?" "ಬೇಕು! ಬೇಕು!" ಎರಡು ಹಾಕಿದ.

ಅಜ್ಜಿಯ ಕನ್ನಡಕ ಹಾಕಿದ. ಇಡ್ಲಿ ಪಾತ್ರೆಯ ಮುಚ್ಚಳ ಹಾಕಿದ. ಗೋಡೆಯಲ್ಲಿ ತೂಗುತ್ತಿದ್ದ ಕೀಗೊಂಚಲು ಹಾಕಿದ. ಜಿಪ್ಪು ಎಳೆದ.

ಹೊರಡೋಣ ಅಂದರೆ ಕಾರಿನ ಕೀ ಇಲ್ಲ! ಜಗದೀಶ ಸೋಫಾದ ಅಡಿಗೆ ನುಗ್ಗಿದ. ವಾರಿಜ ಅಕ್ಕಿ ಡಬ್ಬಿಗೆ ಕೈ ಹಾಕಿದಳು. ಅಪ್ಪಿಯಕ್ಕ ಕೀ ಹುಡುಕಲಿಕ್ಕೆ ಮೊದಲು ಕನ್ನಡಕ ಹುಡುಕಿದಳು. "ದೂಮ, ನೀನೂ ಹುಡುಕು!" ಅಂದರು. ಹುಡುಕು ಅಂದರಲ್ಲ, ದೂಮನೂ ಮಂಚದ ಅಡಿ ಮಲಗಿ ಹುಡುಕಿದ. ಏಳಾಯಿತು. ಎಂಟಾಯಿತು. ಒಂಬತ್ತೂವರೆಗೆ ಮಿನ್ನಿ ಕೇಳಿದಳು, "ಮಾವ, ಕೀ ಎಲ್ಲುಂಟು ಅಂತ ನಿಂಗೆ ಗೊತ್ತುಂಟಾ?"

"ಗೊತ್ತುಂಟು. ಕಿಟ್ಟುವಿಗೆ ಬೇಕಿತ್ತು. ಬ್ಯಾಗಿನಲ್ಲುಂಟು."

ಜಗದೀಶ ಸೋಫಾದ ಅಡಿಯಿಂದ ಹೊರಗೆ ಬರಲೇ ಇಲ್ಲ, ಅಲ್ಲೇ ಮಲಗಿದ. ಹೊರಗೆ ಬೆಂಕಿಬಿಸಿಲು. ಬೀಚು ಹೋಯಿತು!

"ಅಯ್ಯೋ ಬೋದಾಳ!" ಅಪ್ಪಿಯಕ್ಕ ಹಣೆ ಬಡಿದುಕೊಂಡಳು. "ಬೇಕು ಅಂದದ್ದನ್ನೆಲ್ಲ ಕೊಡುವುದಾ? ಕೇಳಿದರೆ 'ಆಮೇಲೆ' ಅನ್ನಬೇಕು, ಬಾಯಿಗೊಂದು ಬಿಸ್ಕತ್ತು ಇಡಬೇಕು! ಆಗ ಮರೆತುಹೋಗ್ತದೆ."

"ಸರಿ ಅಮ್ಮ, ಇನ್ನು ಹಾಗೇ ಮಾಡ್ತೇನೆ" ಅಂದ ದೂಮ. ಆ ಮಾತನ್ನು ತಲೆಯೊಳಗೆ ಗಂಟು ಕಟ್ಟಿ ಇಟ್ಟ.

ಸಂಜೆ ಮಕ್ಕಳ ಆಟದ ಜಾಗಕ್ಕೆ ಹೋದರು. ಜಗದೀಶ ಮೊದಲೇ ತೆಗೆದಿಟ್ಟ ಟಿಕೆಟುಗಳು ದೂಮನ ಕೈಯಲ್ಲಿ. ಬಾಗಿಲಲ್ಲಿ ಯೂನಿಫಾರ್ಮ್ ಹಾಕಿದ ಆರಡಿಯ ಕಾವಲುಗಾರ. ಕೈ ಚಾಚಿ ಕೇಳಿದ, "ಟಿಕೆಟ್?"

"ಆಮೇಲೆ" ಅಂದ ದೂಮ. ಅವನ ಬಾಯಿಗೊಂದು ಬಿಸ್ಕತ್ತು ಇಟ್ಟ.

ಕಾವಲುಗಾರನಿಗೆ ಏನೂ ತಿಳಿಯಲಿಲ್ಲ. ಬಿಸ್ಕತ್ತು ನುಂಗಿದ. ಮತ್ತೆ ಕೇಳಿದ, "ಟಿಕೆಟ್! ಟಿಕೆಟ್!"

"ಆಮೇಲೆ, ಆಮೇಲೆ!" ಎರಡು ಸಲ ಕೇಳಿದ್ದಕ್ಕೆ ಎರಡು ಬಿಸ್ಕತ್ತು.

ಹಿಂದೆ ಸಾಲು ಬೆಳೆಯಿತು. ಮಕ್ಕಳು ಅತ್ತವು. ಕಾವಲುಗಾರ ಇನ್ನೊಬ್ಬನನ್ನು ಕರೆದ. ಅವನೂ ಟಿಕೆಟ್ ಕೇಳಿದ, ಅವನಿಗೂ ಬಿಸ್ಕತ್ತು ಸಿಕ್ಕಿತು. ಪೊಟ್ಟಣ ಮುಗಿಯುವವರೆಗೆ ದೂಮ ಯಾರನ್ನೂ ಬರಿಬಾಯಲ್ಲಿ ಕಳಿಸಲಿಲ್ಲ. ಜಗದೀಶ ಕೈಮುಗಿದು ಬೇಡಿ, ಎಲ್ಲ ವಿವರಿಸಿ ಮುಗಿಸುವಾಗ ಟಿಕೆಟಿನ ಹೊತ್ತು ದಾಟಿತ್ತು. ಕಿಟ್ಟು ನೆಲದಲ್ಲಿ ಹೊರಳಾಡಿ ಅತ್ತ. ಅಪ್ಪಿಯಕ್ಕ ಸಮಾಧಾನ ಮಾಡಲಿಕ್ಕೆ ಬಿಸ್ಕತ್ತು ಕೊಡೋಣ ಅಂತ ಪೊಟ್ಟಣ ನೋಡಿದರೆ ಬರೀ ಪುಡಿ!

"ಅಯ್ಯೋ ನನ್ನ ಹಣೆಬರಹವೇ! ಯೂನಿಫಾರ್ಮಿನವರ ಹತ್ತಿರ ಆಟವಾ? ಅಂಥವರು ಎದುರು ಬಂದರೆ ಇದ್ದದ್ದನ್ನೆಲ್ಲ ತೆಗೆದು ಮುಂದಿಡಬೇಕು. ಕೈಕಟ್ಟಿ, ತಲೆತಗ್ಗಿಸಿ ನಿಲ್ಲಬೇಕು! ತಿಳಿಯಿತಾ?"

"ಸರಿ ಅಮ್ಮ, ಇನ್ನು ಹಾಗೇ ಮಾಡ್ತೇನೆ."

ಎರಡನೆಯ ದಿನ ದೊಡ್ಡ ಹೋಟೆಲು. ಬಿಳಿ ಬಟ್ಟೆ ಹಾಸಿದ ಮೇಜು, ಬಿರಿಯಾನಿಯ ಪರಿಮಳ. ಕಿಟ್ಟು ಅಪರೂಪಕ್ಕೆ ಅಳದೆ ಕೂತಿದ್ದ. ಅಪ್ಪಿಯಕ್ಕ ಮೆಲ್ಲ ಮೆಲ್ಲ ತನ್ನ ಕುರ್ಚಿಯನ್ನು ಅವನ ಹತ್ತಿರ ಸರಿಸಿದಳು. ಒಂದು ಬೆರಳು ಚಾಚಿದಳು. ಕಿಟ್ಟು ಆ ಬೆರಳನ್ನು ನೋಡಿದ. ಮುಟ್ಟಲೋ ಬೇಡವೋ ಎಂದು ಯೋಚಿಸಿದ.

ಅಷ್ಟರಲ್ಲಿ ಯೂನಿಫಾರ್ಮ್ ಹಾಕಿದ ಸಪ್ಲೈಯರ್ ಬಂದ!

ದೂಮ ಎದ್ದ. ಕಿಸೆಯಲ್ಲಿದ್ದ ಬಾಚಣಿಗೆ ಮೇಜಿನ ಮೇಲಿಟ್ಟ. ಕರವಸ್ತ್ರ ಇಟ್ಟ. ಮಕ್ಕಳ ಬ್ಯಾಗು ಬಿಚ್ಚಿದ. ಹಾಲಿನ ಬಾಟಲಿ ಇಟ್ಟ, ಡೈಪರ್ ಇಟ್ಟ, ಉಪಯೋಗಿಸಿ ಕಟ್ಟಿಟ್ಟ ಇನ್ನೊಂದು ಡೈಪರನ್ನು ಬಿರಿಯಾನಿಯ ಪಕ್ಕ ಇಟ್ಟ. ಕೈಕಟ್ಟಿದ. ತಲೆತಗ್ಗಿಸಿದ. ನಿಂತ.

"ಸರ್, ಕೂತುಕೊಳ್ಳಿ" ಅಂದ ಸಪ್ಲೈಯರ್. ದೂಮನ ತಲೆ ಇನ್ನೂ ತಗ್ಗಿತು. ಗಾಬರಿಯಾಗಿ ಅವನು ಮ್ಯಾನೇಜರನ್ನು ಕರೆತಂದ. ಮ್ಯಾನೇಜರಿಗೂ ಕೋಟು! ತಲೆ ಮೊಣಕಾಲಿಗೆ ಬಂತು. ಯಾರೋ ದೊಡ್ಡ ಮನುಷ್ಯ ಬಂದಿರಬೇಕು ಎಂದುಕೊಂಡು ಪಕ್ಕದ ಮೇಜಿನವರು ಎದ್ದು ನಿಂತರು. ಅವರನ್ನು ನೋಡಿ ಅವರ ಪಕ್ಕದವರು ಎದ್ದರು. ಹೋಟೆಲಿಗೆ ಹೋಟೆಲೇ ಎದ್ದು ನಿಂತಿತು! ಯಾಕೆ ಎಂದು ಒಬ್ಬರಿಗೂ ಗೊತ್ತಿಲ್ಲ. ಅಷ್ಟು ಜನ ಒಟ್ಟಿಗೆ ಎದ್ದದ್ದು ಕಂಡು ಕಿಟ್ಟು ಬೆಚ್ಚಿ ಕಿರುಚಿ ತಾಯಿಯ ಕುತ್ತಿಗೆಗೆ ಬಿದ್ದ. ಅಪ್ಪಿಯಕ್ಕನ ಬೆರಳು ಗಾಳಿಯಲ್ಲೇ ಉಳಿಯಿತು.

"ಎಂತ ಪಾಪ ಮಾಡಿದ್ದೆನೋ ನಾನು!" ಮನೆಗೆ ಬಂದ ಮೇಲೆ ಅಪ್ಪಿಯಕ್ಕ ಹಣೆ ಬಡಿದುಕೊಂಡಳು. "ಊರಲ್ಲಿ ಪಂಕ್ತಿಯಲ್ಲಿ ಕೂತು ಉಂಡಿಲ್ಲವಾ ನೀನು? ಸಾಲಿನಲ್ಲಿ ಕೂತ ಮೇಲೆ ಏಳಬಾರದು! ಸಾಲಿನಲ್ಲಿ ಬಂದದ್ದನ್ನು ಬೇಡ ಅನ್ನಬಾರದು! ಬಂದಷ್ಟನ್ನೂ ತೆಗೆದುಕೊಂಡು ಸುಮ್ಮನೆ ಕೂರಬೇಕು!"

"ಸರಿ ಅಮ್ಮ, ಇನ್ನು ಹಾಗೇ ಮಾಡ್ತೇನೆ."

ಮೂರನೆಯ ದಿನ. ಕೊನೆಯ ದಿನ. ಸಂಜೆ ನಾಲ್ಕಕ್ಕೆ ದೋಣಿ. ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತರು. ಸಾಲಿನ ಮೊದಲಲ್ಲಿ ದೂಮ, ಆಮೇಲೆ ಮನೆಯವರು, ಆಮೇಲೆ ಬೇರೆ ಪ್ರಯಾಣಿಕರು. ಬಿಳಿ ಗಡ್ಡದ ದೋಣಿಯವನು ಲೈಫ್ ಜಾಕೆಟ್ಟುಗಳನ್ನು ಒಂದೊಂದಾಗಿ ದೂಮನ ಕೈಗೆ ಕೊಟ್ಟ. ಕೈಯಿಂದ ಕೈಗೆ ದಾಟಿಸಬೇಕು, ಅಷ್ಟೇ ಕೆಲಸ.

ಒಂದು ಬಂತು. ದೂಮ ತೆಗೆದುಕೊಂಡ, ಹಾಕಿಕೊಂಡ.

ಇನ್ನೊಂದು ಬಂತು. ಬೇಡ ಅನ್ನಬಾರದು! ಮೊದಲಿನದರ ಮೇಲೆ ಹಾಕಿಕೊಂಡ.

ಮೂರನೆಯದು ಬಂತು. ಕೈಗೆ ಸಿಕ್ಕಿಸಿಕೊಂಡ. ನಾಲ್ಕನೆಯದು ಇನ್ನೊಂದು ಕೈಗೆ. ಐದನೆಯದು ಕಾಲಿಗೆ. ಆರು, ಏಳು, ಎಂಟು. ಒಂಬತ್ತನೆಯದನ್ನು ತಲೆಗೆ ಕಟ್ಟಿಕೊಂಡ.

"ದಾಟಿಸು ಮಾರಾಯ!" ಜಗದೀಶ ಕೂಗಿದ.

"ಆಗುದಿಲ್ಲ ಭಾವ, ಸಾಲಿನಲ್ಲಿ ಬಂದದ್ದು!"

ದೋಣಿಯವನು "ಖಲಾಸ್! ಖಲಾಸ್!" ಎಂದು ಕಿರುಚಿದ, ಅಂದರೆ ಸಾಕು, ಸಾಕು ಅಂತ. ದೂಮ ಏಳಲೊಲ್ಲ. ಸಾಲಿನಲ್ಲಿ ಕೂತ ಮೇಲೆ ಏಳಬಾರದಲ್ಲ? ಎಬ್ಬಿಸೋಣ ಅಂದರೆ ಊದಿ ಬೆಂಚಿಗೂ ದೋಣಿಯ ಅಂಚಿನ ಕಟಾಂಜನಕ್ಕೂ ನಡುವೆ ಸಿಕ್ಕಿಕೊಂಡಿದ್ದಾನೆ! ನಾಲ್ಕು ಜನ ಎಳೆದರು. ಒಂದೊಂದೇ ಬಿಚ್ಚುವಾಗ ಒಂದು ಗಂಟೆ ಹೋಯಿತು. ದೋಣಿ ಹೊರಟಿತು, ಸುತ್ತಿತು, ತಿರುಗಿ ಬಂತು. ಡಾಲ್ಫಿನ್ನಿನ ಬಾಲವೂ ಕಾಣಲಿಲ್ಲ.

"ಡಾಲ್ಫಿನ್ ಎಲ್ಲಿ?" ಮಿನ್ನಿ ಕೇಳಿದಳು.

"ನಿನ್ನ ಮಾವನನ್ನು ನೋಡಿ ಊರು ಬಿಟ್ಟವು" ಅಂದ ಜಗದೀಶ.

ಅಪ್ಪಿಯಕ್ಕನಿಗೆ ಈ ಸಲ ಬೈಯಲಿಕ್ಕೂ ಆಗಲಿಲ್ಲ. ನಾಳೆ ವಿಮಾನ. ಮಡಿಲು ಬರಿದು. "ನಿನ್ನ ಮೈಮೇಲೆ ಒಂಬತ್ತು, ಮಕ್ಕಳ ಹತ್ತಿರ ಒಂದೂ ಇರಲಿಲ್ಲ" ಅಂದಳು ಮೆಲ್ಲಗೆ. "ಒಂದಕ್ಕಿಂತ ಹೆಚ್ಚಿದ್ದರೆ ಇಲ್ಲದವರಿಗೆ ಕೊಡಬೇಕು ಮಗಾ. ಅವರು ಕೇಳುವ ಮೊದಲೇ ಕೊಡಬೇಕು."

"ಸರಿ ಅಮ್ಮ, ಇನ್ನು ಹಾಗೇ ಮಾಡ್ತೇನೆ."

ದಡಕ್ಕೆ ಬಂದರು. ಅಪ್ಪಿಯಕ್ಕ ಒಬ್ಬಳೇ ದೂರದ ಚಪ್ಪರದ ಬೆಂಚಿಗೆ ಹೋಗಿ, ಸೆರಗನ್ನು ತಲೆಗೆಳೆದು ಕಣ್ಣು ಮುಚ್ಚಿದಳು. ಜಗದೀಶ ಕಾರು ತರಲು ಹೋದ, ವಾರಿಜ ನೀರು ತರಲು ಹೋದಳು. ಮಕ್ಕಳಿಬ್ಬರೂ ದೂಮನ ಹತ್ತಿರ. ಮಿನ್ನಿ ತಲೆ ಬಗ್ಗಿಸಿ ಮರಳು ತೋಡುತ್ತಿದ್ದಳು. ಕಿಟ್ಟು ಮಾವನ ಹೆಗಲ ಮೇಲೆ ನಿದ್ದೆ.

ವಾರಿಜ ತಿರುಗಿ ಬಂದು ನೋಡುತ್ತಾಳೆ, ಮಿನ್ನಿ ಇದ್ದಾಳೆ, ದೂಮ ಇದ್ದಾನೆ, ಕಿಟ್ಟು ಇಲ್ಲ!

"ಕಿಟ್ಟು ಎಲ್ಲಿ?"

"ಕೊಟ್ಟೆ."

"ಕೊಟ್ಟೆಯಾ!" ನೀರಿನ ಬಾಟಲಿ ಕೆಳಗೆ ಬಿತ್ತು. "ಯಾರಿಗೆ?"

"ಇಲ್ಲದವರಿಗೆ. ನನ್ನ ಹತ್ತಿರ ಎರಡಿತ್ತು ಅಕ್ಕ, ಅವರ ಹತ್ತಿರ ಒಂದೂ ಇರಲಿಲ್ಲ."

ವಾರಿಜ ಕಿರುಚಿದ್ದಕ್ಕೆ ಜಗದೀಶ ಕಾರು ಬಿಟ್ಟು ಓಡಿ ಬಂದ. ದೋಣಿಯವನು ಓಡಿ ಬಂದ.

"ಗಂಡಸಾ ಹೆಂಗಸಾ?" ಜಗದೀಶ ದೂಮನ ಅಂಗಿ ಹಿಡಿದ.

"ಹೆಂಗಸು."

"ಯಾವ ದೇಶದವಳು?"

"ನಮ್ಮ ದೇಶದವಳೇ."

"ಯಾವ ಊರು?"

"ಹೆಜಮಾಡಿ."

"ಹೆಜಮಾಡಿಯವಳಾ? ಹೆಸರೇನು?"

"ಅಪ್ಪಿ."

"ಯಾವ ಅಪ್ಪಿ?"

"ನಮ್ಮ ಅಮ್ಮ ಭಾವ! ಗೊತ್ತಿಲ್ಲವಾ ನಿಮಗೆ?"

ಎಲ್ಲರೂ ಚಪ್ಪರದ ಕಡೆ ಓಡಿದರು. ದೂಮನೂ ಎಲ್ಲರ ಹಿಂದೆ, ನೀರಿನ ಅಂಚಿನಲ್ಲೇ ಓಡಿದ. ಅಪ್ಪಿಯಕ್ಕ ಎಚ್ಚರವಾಗಿದ್ದಳು. ಸೆರಗಿನ ಅಡಿಯಲ್ಲಿ, ಅವಳ ಮಡಿಲಲ್ಲಿ, ಕಿಟ್ಟು ಬಾಯಿ ತೆರೆದು ಮಲಗಿದ್ದ. ಅವಳ ಕೆನ್ನೆ ತುಂಬ ನೀರು. ಓಡಿ ಬರುವವರನ್ನು ಕಂಡು ಕೈಯೆತ್ತಿದಳು.

"ಶ್! ಯಾರೂ ಅಲುಗಾಡಬೇಡಿ!"

ಎಲ್ಲರೂ ನಿಂತರು. ದೂಮ ಎತ್ತಿದ ಕಾಲನ್ನು ಎತ್ತಿದ ಹಾಗೇ ನಿಲ್ಲಿಸಿದ.

ಅರ್ಧ ಗಂಟೆ ಕಳೆದು ಕಿಟ್ಟು ಕಣ್ಣು ಬಿಟ್ಟ. ಮೇಲಿದ್ದ ಮುಖವನ್ನು ನೋಡಿದ, ತುಂಬ ಹೊತ್ತು ನೋಡಿದ. ಅಪ್ಪಿಯಕ್ಕ ಉಸಿರೇ ಬಿಡಲಿಲ್ಲ. ಆಮೇಲೆ ಅವನು ಅವಳ ಮೂಗುಬೊಟ್ಟನ್ನು ಹಿಡಿದು "ಅಜ್ಜಿ" ಅಂದ. ಇಳಿಸಲು ಹೋದರೆ ಇಳಿಯಲೊಲ್ಲ! ವಾರಿಜ ಅತ್ತಳು, ಜಗದೀಶ ನಕ್ಕ, ಆ ಗಡಿಬಿಡಿಯಲ್ಲಿ ಕಾರು ಹತ್ತಿದರು. ಮನೆಗೆ ಹೋಗಿ ತಟ್ಟೆ ಹಾಕುವಾಗ ಒಂದು ತಟ್ಟೆ ಹೆಚ್ಚಾಯಿತು. ಅಷ್ಟರಲ್ಲಿ ದೋಣಿಯವನ ಫೋನು ಬಂತು. ನಿಮ್ಮವನೊಬ್ಬ ಒಂಟಿಕಾಲಲ್ಲಿ ನಿಂತಿದ್ದಾನೆ, ಕರೆದರೆ ಬರುವುದಿಲ್ಲ, ನೀರೇರಿ ಮೊಣಕಾಲಿಗೆ ಬಂದಿದೆ ಅಂದ.

"ಅಯ್ಯೋ ನನ್ನ ಮಗನೇ!" ಅಪ್ಪಿಯಕ್ಕ ಫೋನು ಕಸಿದುಕೊಂಡಳು. ಆ ಕಡೆ ದೋಣಿಯವನು ಫೋನನ್ನು ದೂಮನ ಕಿವಿಗೆ ಹಿಡಿದ. "ದೂಮ, ಸಾಕು ಮಾರಾಯ, ಅಲುಗಾಡು!"

"ಸರಿ ಅಮ್ಮ!"

ಕಿಟ್ಟುವನ್ನು ಸೊಂಟದ ಮೇಲಿಟ್ಟುಕೊಂಡೇ ಅಪ್ಪಿಯಕ್ಕ ಕಾರು ಹತ್ತಿದಳು. ಹೋಗಿ ನೋಡಿದರೆ ದೋಣಿಯವನು ತಲೆಮೇಲೆ ಕೈಹೊತ್ತು ಮರಳಲ್ಲಿ ಕೂತಿದ್ದಾನೆ. ನೀರಿನ ನಡುವೆ ದೂಮ ತಲೆ ಆಡಿಸುತ್ತಿದ್ದಾನೆ, ಕೈ ಬೀಸುತ್ತಿದ್ದಾನೆ, ಸೊಂಟ ಕುಣಿಸುತ್ತಿದ್ದಾನೆ. ಅಲುಗಾಡು ಅಂದಿದ್ದಳು ಅಮ್ಮ, ಅಲುಗಾಡುತ್ತಿದ್ದ. ದಡಕ್ಕೆ ಬಾ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.