ಬೇನೆ ತಿನ್ನುವವಳಿಗೆ ಆಡುವ ಮಾತು

ಮಲಪ್ರಭೆಯ ದಂಡೆಯಲ್ಲಿದ್ದ ಪೂಜ್ಯ ನಿಜಗುಣಮ್ಮನವರ ಮಠವೆಂದರೆ ಎರಡು ಮಣ್ಣಿನ ಕೋಣೆ, ಮುಂದೊಂದು ಚಪ್ಪರ, ಅಷ್ಟೇ. ಪೀಠವಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಚಳಿಗಾಲದ ಮುಂಜಾವಿನಲ್ಲಿ ಹೊಳೆಯಿಂದೆದ್ದ ಮಂಜು ಮೆಲ್ಲಗೆ ಏರಿ ಬಂದು ಚಪ್ಪರದೊಳಗೂ ತುಂಬಿಕೊಳ್ಳುತ್ತಿತ್ತು. ಅದರ ನಡುವೆ ತಾಯಿಯವರು ಕಾಲು ಚಾಚಿ ಕುಳಿತು ಅರಳೆ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ದೂರದಿಂದ ಬರುವವರಿಗೆ, ಅವರು ಮಂಜನ್ನೇ ಚೂರುಚೂರಾಗಿ ಹಿಡಿದು ಹೊಸೆಯುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಅಂಥ ಒಂದು ಮುಂಜಾನೆ ಸೂಲಗಿತ್ತಿ ಫಕೀರವ್ವ ಬಂದಳು. ಐವತ್ತು ದಾಟಿದ ಹೆಂಗಸು. ಸುತ್ತಲಿನ ಏಳೂರಿನ ಅರ್ಧದಷ್ಟು ಮಕ್ಕಳು ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಅವಳ ಅಂಗೈಯನ್ನೇ. ಕಂಕುಳಲ್ಲಿದ್ದ ಗಂಟನ್ನು ಅವಳು ತಾಯಿಯವರ ಪಾದದ ಬಳಿ ಇಟ್ಟಳು. ಅದರಲ್ಲಿ ಹರಳೆಣ್ಣೆಯ ಕುಪ್ಪಿ, ನೂಲಿನ ಉಂಡೆ, ಹೊಕ್ಕುಳಬಳ್ಳಿ ಕೊಯ್ಯುವ ಚೂರಿ ಇದ್ದವು.

“ಇದನ್ನ ಹೊಳೀಗೆ ಒಗದುಬಿಡ್ರಿ ಅವ್ವಾರ. ನನ್ನ ಕೈಲೆ ಒಗ್ಯಾಕೂ ಆಗವಲ್ದು” ಎಂದಳು.

ಎರಡು ವರ್ಷದ ಹಿಂದೆ ಕಲ್ಲವ್ವನೆಂಬ ಹತ್ತೊಂಬತ್ತರ ಬಾಣಂತಿ ಅವಳ ಕೈಯಲ್ಲೇ ತೀರಿಹೋಗಿದ್ದಳು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ನೆತ್ತರು ನಿಲ್ಲಲೇ ಇಲ್ಲ. ತಿಳಿದದ್ದನ್ನೆಲ್ಲ ಫಕೀರವ್ವ ಮಾಡಿದ್ದಳು. ಊರಿನವರು ಅವಳನ್ನು ದೂರಲಿಲ್ಲ. ಕಲ್ಲವ್ವನ ಅತ್ತೆಯೇ ಬಂದು, “ಆಕಿ ಆಯುಷ್ಯ ಅಷ್ಟ ಇತ್ತು, ನೀ ಏನ್ ಮಾಡ್ತಿ” ಎಂದು ಬೆನ್ನು ಸವರಿ ಹೋಗಿದ್ದಳು. ಹೊರಗಿನವರೆಲ್ಲ ಸುಮ್ಮನಾದರು, ಒಳಗಿನವಳು ಸುಮ್ಮನಾಗಲಿಲ್ಲ. ‘ಫಕೀರಿ, ನೀ ಕೊಂದಾಕಿ. ನಿನ್ನ ಕೈ ಸುಟ್ಟ ಕೈ. ನಿನ್ನಿಂದ ಏನೂ ಆಗಂಗಿಲ್ಲ.’ ನೀರು ಸೇದುವಾಗ ಅದೇ ಮಾತು, ರೊಟ್ಟಿ ಬಡಿಯುವಾಗ ಅದೇ ಮಾತು. ಉಂಡದ್ದು ಮೈಗೆ ಹತ್ತಲಿಲ್ಲ. ಕೈಗಳಿಗೆ ನಡುಕ ಹಿಡಿಯಿತು. ಯಾರಾದರೂ ಹೆರಿಗೆಗೆ ಕರೆಯಲು ಬಂದರೆ ಅವಳು ಬಾಗಿಲ ಹಿಂದೆ ಅಡಗಿ ಕೂಡುತ್ತಿದ್ದಳು.

ನಿಜಗುಣಮ್ಮನವರು ಗಂಟನ್ನು ಒಗೆಯಲೂ ಇಲ್ಲ, ಮರಳಿ ಕೊಡಲೂ ಇಲ್ಲ. “ಮೂರು ದಿನ ಇರು ತಂಗಿ. ಅರಳಿ ಬಿಡಸು” ಎಂದಷ್ಟೇ ಹೇಳಿದರು.

ಆ ಮೂರು ದಿನಗಳು ಫಕೀರವ್ವನಿಗೆ ಅರೆನಿದ್ದೆಯಲ್ಲಿ ಕಳೆದಂತಿದ್ದವು. ಹೊಳೆ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದು. ಆಚೆ ದಂಡೆಯ ಕುರಿಗಳ ಗಂಟೆಯ ಸದ್ದು ಬಂದು, ಕರಗಿ, ಮತ್ತೆಲ್ಲಿಂದಲೋ ಬರುತ್ತಿತ್ತು. ಬೊಗಸೆಯಲ್ಲಿ ಅರಳೆ ಹೂವಿನಂತೆ ಹಗುರವಾಗಿ ಕೂತಿರುತ್ತಿತ್ತು. ಆದರೂ ತುಟಿಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಅದೇ ಬೈಗುಳವನ್ನು ಗೊಣಗುತ್ತಿದ್ದವು. ಪಕ್ಕದಲ್ಲೇ ಕುಳಿತ ತಾಯಿಯವರು ಕೇಳಿಸಿಕೊಳ್ಳುತ್ತಿದ್ದಾರೆಂಬ ಎಚ್ಚರವೂ ಅವಳಿಗಿರಲಿಲ್ಲ.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ತಾಯಿಯವರು ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟರು.

“ಫಕೀರವ್ವಾ, ಹೆರಿಗಿ ಬ್ಯಾನಿ ತಿನ್ನೋ ಹೆಣ್ಣಮಗಳಿಗೆ ನೀ ಏನಂತ ಹೇಳ್ತಿ?”

ಫಕೀರವ್ವ ಬೆಪ್ಪಾದಳು. ಆದರೆ ಮೂವತ್ತು ವರ್ಷ ಆಡಿದ ಮಾತು, ನಾಲಿಗೆಗೆ ತಾನಾಗಿಯೇ ಬಂತು. ದನಿಯೂ ಮೆತ್ತಗಾಯಿತು. “ಹೆದರಬ್ಯಾಡ ನನ್ನವ್ವ, ನಾ ಇಲ್ಲೇ ಅದೀನಿ ಅಂತೀನ್ರಿ. ಉಸುರು ಬಿಗಿಹಿಡೀಬ್ಯಾಡ, ಬಿಡು. ಈ ಬ್ಯಾನಿ ಬಂತು, ಹೋತು ನೋಡು. ಇನ್ನೊಂದು ಬರ್ತದ, ಅದೂ ಹೋಗ್ತದ. ನಿನ್ನ ಕೈಲೆ ಆಗ್ತದ ಅಂತೀನ್ರಿ.”

“ನೀ ಕೆಟ್ಟಾಕಿ, ನಿನ್ನಿಂದ ಏನೂ ಆಗಂಗಿಲ್ಲ ಅಂತ ಯಾವತ್ತರೆ ಅಂದೀಯೇನು?”

“ಅಯ್ಯ ಶಿವನ! ಹಂಗಂದ್ರ ಆಕಿ ಎದಿ ಒಡದು ಸಾಯ್ತಾಳ್ರಿ ಅವ್ವಾರ.”

ತಾಯಿಯವರು ಅವಳ ಮುಖವನ್ನೇ ನೋಡುತ್ತ ಹೇಳಿದರು: “ಎರಡು ವರ್ಷದಿಂದ ನಿನ್ನೊಳಗ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳ. ಆಕಿಗೆ ನೀ ಹೇಳಿದ್ದು ಬರೇ ಅದನ್ನ.”

ಫಕೀರವ್ವನ ಮಡಿಲಿನಿಂದ ಅರಳೆ ಜಾರಿ ಗಾಳಿಗೆ ಹಾರಿತು. ಅವಳು ಕೇಳಿದಳು, “ಹಂಗಾದ್ರ ನಂದೇನೂ ತಪ್ಪಿಲ್ಲ ಅಂತ ಹೇಳ್ಕೋಬೇಕೇನ್ರಿ? ಕಲ್ಲವ್ವ ಸತ್ತದ್ದು ಖರೆ ಅಲ್ಲೇನ್ರಿ?”

“ಸುಳ್ಳು ಹೇಳ್ಕೋಬ್ಯಾಡ. ಖರೇನ ಹೇಳು. ಆದ್ರ ಬೈದು ಹೇಳಬ್ಯಾಡ, ಹೆರಿಗಿ ಮಾಡಿಸಿದಂಗ ಹೇಳು.”

ಫಕೀರವ್ವ ಹೊಳೆಗಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು. ತನ್ನ ಹೆಸರನ್ನು ತಾನೇ ಕರೆಯಲು ನಾಚಿಕೆಯಾಯಿತು. ಉಸಿರು ಎಳೆದುಕೊಂಡು ಅಂದಳು: “ಫಕೀರವ್ವಾ... ನನ್ನವ್ವ... ನಿನಗ ತಿಳದಷ್ಟು ನೀ ಮಾಡಿದಿ. ಆಕಿ ಉಳೀಲಿಲ್ಲ. ಅಳು, ಅತ್ತುಬಿಡು. ನಾ ಇಲ್ಲೇ ಅದೀನಿ.” ಎರಡು ವರ್ಷ ತನ್ನನ್ನು ಶಪಿಸಿಕೊಳ್ಳುವುದರಲ್ಲೇ ಮುಳುಗಿದ್ದ ಆಕೆ ಅಂದೇ ಮೊದಲು ಕಲ್ಲವ್ವನಿಗಾಗಿ ಅತ್ತಳು. ನೀರು ಅವಳ ಕಾಲುಗಳನ್ನು ಸವರುತ್ತ ಹರಿದುಹೋಯಿತು.

ಮನಸ್ಸೇನು ಒಂದೇ ದಿನಕ್ಕೆ ತಿಳಿಯಾಗಲಿಲ್ಲ; ಫಕೀರವ್ವ ಮಠದಲ್ಲೇ ಉಳಿದುಕೊಂಡಳು. ಹಳೆಯ ಬೈಗುಳ ಬಂದಾಗಲೆಲ್ಲ ಅವಳು ಹೊಸ ಮಾತನ್ನು ಹುಡುಕಿ ತಂದು ಆಡಬೇಕಾಗುತ್ತಿತ್ತು. ಆಡುತ್ತ ಆಡುತ್ತ ಊಟ ಸೇರತೊಡಗಿತು, ಕಣ್ಣಿಗೆ ನಿದ್ದೆ ಬಂತು.

ತಿಂಗಳೊಪ್ಪತ್ತಿನಲ್ಲಿ, ಆಚೆ ದಂಡೆಯಲ್ಲಿ ಬೀಡುಬಿಟ್ಟಿದ್ದ ಕುರಿಗಾರರ ಗುಡಾರದಿಂದ ಒಬ್ಬ ಗಂಡಸು ಮಠಕ್ಕೆ ಓಡೋಡಿ ಬಂದ. ಹೆಂಡತಿಗೆ ಚೊಚ್ಚಲ ಬೇನೆ, ಕೂಸು ಅಡ್ಡ ನಿಂತಿದೆಯೆಂದ. ಪಟ್ಟಣದ ದಾರಿ ಒಂದು ದಿನದ್ದು. ಫಕೀರವ್ವ ತಾಯಿಯವರ ಕಡೆ ನೋಡಿದಳು. ಅವರು ಗಂಟನ್ನು ತಂದು ಅವಳ ಕೈಗಿಟ್ಟು, ತಾವೇ ನೀರು ಕಾಯಿಸುವ ಹಂಡೆ ಹೊತ್ತು ಹಿಂದೆ ನಡೆದರು.

ಗುಡಾರದೊಳಗೆ ಆ ಎಳೆಯ ಹುಡುಗಿಯ ಮುಖ ಕಂಡೊಡನೆ ಫಕೀರವ್ವನಿಗೆ ಕಲ್ಲವ್ವ ನೆನಪಾದಳು. ‘ಫಕೀರಿ, ನೀ...’ ಎಂದು ಒಳಗಿನ ದನಿ ಎದ್ದಿತು. ಅವಳು ಅದನ್ನು ಅಲ್ಲಿಗೇ ನಿಲ್ಲಿಸಿದಳು. “ಹೆದರಬ್ಯಾಡ ನನ್ನವ್ವ, ನಾ ಇಲ್ಲೇ ಅದೀನಿ” ಎಂದು ಬಾಯಿಬಿಟ್ಟೇ ಹೇಳಿದಳು. ಆ ಮಾತು ತನಗೆಂದು ಹುಡುಗಿ ತಿಳಿದಳು. ಇಬ್ಬರಿಗೂ ಅದು ಸಂದಿತು. ಎಣ್ಣೆ ಸವರಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಬೇನೆ ಬೇನೆಯ ನಡುವೆ ಕಾದು, ಅಂಗುಲ ಅಂಗುಲವಾಗಿ ಕೂಸನ್ನು ತಿರುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಗುಡಾರದೊಳಗಿಂದ ಎಳೆಯ ಅಳು ಕೇಳಿತು.

ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಫಕೀರವ್ವ ಹೊರಗೆ ಬಂದಳು. ಒಲೆಯ ಮುಂದೆ ಕುಳಿತಿದ್ದ ತಾಯಿಯವರ ಹಣೆಗೆ ಮಸಿ ಹತ್ತಿತ್ತು.

“ಅವ್ವಾರ, ಕೈ ಇನ್ನೂ ನಡಗತಾವ್ರಿ” ಎಂದಳು.

ನಿಜಗುಣಮ್ಮನವರು ನಕ್ಕರು. “ನಡಗಲಿ ಬಿಡು. ಕೂಸು ಹಿಡದಾವಲ್ಲ?”

ಮುಂದೆ ಹದಿನೆಂಟು ವರ್ಷ ಫಕೀರವ್ವ ಆ ಸೀಮೆಯ ಹೆಣ್ಣುಮಕ್ಕಳ ಬಳಿ ಕುಳಿತಳು. ಎಲ್ಲ ಹೆರಿಗೆಗಳೂ ಸುಸೂತ್ರವಾಗಲಿಲ್ಲ. ಆಗದ ದಿನ ಮನೆಗೆ ಬಂದು, ಬಾಗಿಲು ಮುಚ್ಚಿ, ನಡುಮನೆಯಲ್ಲಿ ಕುಳಿತು ಅವಳು ತನ್ನೊಂದಿಗೆ ತಾನು ಮೆಲ್ಲನೆ ಮಾತಾಡುತ್ತಿದ್ದಳು. ಹೊರಗೆ ನಿಂತು ಕೇಳಿದವರು, ಒಳಗೆ ಯಾರೋ ಬೇನೆ ತಿನ್ನುತ್ತಿರಬೇಕೆಂದುಕೊಂಡು ಸದ್ದು ಮಾಡದೆ ಹೋಗುತ್ತಿದ್ದರಂತೆ.