ಹಿಂಬಾಲಿಸಿದ ಮೇಣದ ಕಾಲುಗಳು

ಕರಾವಳಿಯ ಒಂದು ಊರಿನಲ್ಲಿ ಫ್ಲಾವಿಯನ್ ಎಂಬವನಿದ್ದ. ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಅವನ ಕೆಲಸ. ಕೆಟ್ಟದ್ದನ್ನು ಸರಿ ಮಾಡದೆ ಅವನು ಏಳುತ್ತಿರಲಿಲ್ಲ.

ಅವನ ಹೆಂಡತಿ ಜೆಸಿಂತಾಳಿಗೆ ನರಗಳ ಕಾಯಿಲೆ ಬಂತು. ಮೊದಲು ಕಾಲುಗಳು ಸೋತವು. ಆಮೇಲೆ ಬೆರಳುಗಳು. "ಇನ್ನು ಮಾತು ನಿಲ್ಲುತ್ತದೆ. ಹೆಚ್ಚು ಸಮಯ ಇಲ್ಲ" ಎಂದರು ಡಾಕ್ಟರು. ಜೆಸಿಂತಾ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡಳು. ಫ್ಲಾವಿಯನ್ ಹಾಕಿಕೊಳ್ಳಲಿಲ್ಲ.

ಅವಳು ಎದ್ದು ನಡೆಯಬೇಕು. ಅವನದು ಅದೊಂದೇ ಹಟ. ಹರಕೆ ಹೊತ್ತು ಕ್ಷೇತ್ರದಿಂದ ಕ್ಷೇತ್ರಕ್ಕೆ ಅವಳನ್ನು ಕರೆದೊಯ್ದ. ಅವಳು ಏನಾದರೂ ಹೇಳಲು ಬಾಯಿ ತೆರೆದರೆ, "ಈಗ ಬೇಡ ಮಾರಾಯ್ತಿ, ಆಯಾಸ ಆಗ್ತದೆ. ಗುಣ ಆದ ಮೇಲೆ ಎಷ್ಟು ಬೇಕಾದರೂ ಮಾತಾಡು" ಎನ್ನುತ್ತಿದ್ದ.

ಆ ವರ್ಷ ಗುಡ್ಡದ ಮೇಲಿನ ಮರಿಯ ಮಾತೆಯ ಗವಿಗೆ ರೋಗಿಗಳ ಯಾತ್ರೆ ಹೊರಟಿತು. ಅದರಲ್ಲಿ ರೋಗಿಗಳೇ ಮುಂದೆ. ನಡೆಯಬಲ್ಲವರು ಹಿಂದೆ. ರೋಗಿಯು ತನ್ನ ಸೋತ ಅಂಗದ ಮೇಣದ ಗೊಂಬೆಯನ್ನು ಮಾತೆಯ ಪಾದದ ಬಳಿ ಇಡಬೇಕು. ಏನು ಬೇಕೆಂದು ರೋಗಿಯೇ ಹೇಳಬೇಕು. ಅಲ್ಲಿನ ಪದ್ಧತಿ ಅದು.

ಗುಡ್ಡದ ಬುಡದ ಅಂಗಡಿಯಲ್ಲಿ ಮೇಣದ ಕೈ, ಕಣ್ಣು, ಎದೆ, ಗಂಟಲು ಸಾಲಾಗಿ ಇದ್ದವು. ಜೆಸಿಂತಾ ಅವುಗಳನ್ನು ನೋಡುತ್ತಿದ್ದಂತೆಯೇ ಫ್ಲಾವಿಯನ್ ಒಂದು ಜೊತೆ ಕಾಲು ತಂದು ಅವಳ ಮಡಿಲಲ್ಲಿಟ್ಟ.

"ನಡೆಯದ ಕಾಲು ಒಂದು ಜೊತೆ ನನ್ನ ಹತ್ತಿರ ಮೊದಲೇ ಉಂಟಲ್ಲ" ಎಂದಳು ಅವಳು. ಅವಳ ನಾಲಿಗೆ ತೊದಲಿತು. ಫ್ಲಾವಿಯನ್ ಆಗಲೇ ಅವಳ ಗಾಲಿಕುರ್ಚಿ ತಳ್ಳುತ್ತಿದ್ದ.

ಗವಿಯ ಬಾಗಿಲಲ್ಲಿ ರೋಗಿಗಳನ್ನು ಒಳಬಿಡುತ್ತಿದ್ದ ಸನ್ಯಾಸಿನಿ ಸಿಸ್ಟರ್ ಕ್ರೆಸೆನ್ಸಿಯಾ ಬಾಗಿ ಕೇಳಿದರು: "ಹೇಳಮ್ಮ, ಮಾತೆಯ ಹತ್ತಿರ ಎಂತ ಕೇಳ್ತೀ?"

ಜೆಸಿಂತಾ ಉಸಿರು ಕೂಡಿಸಿಕೊಂಡಳು.

"ಕಾಲು, ಸಿಸ್ಟರ್" ಎಂದ ಫ್ಲಾವಿಯನ್.

"ನಾನು ಕೇಳಿದ್ದು ಅವಳನ್ನು."

"ಅವಳಿಗೂ ಅದೇ ಬೇಕು. ಗಂಡನಿಗೆ ಗೊತ್ತಿಲ್ವಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ಸಿಸ್ಟರ್ ದಾರಿ ಬಿಟ್ಟರು. ಮಾತೆಯ ಪಾದದ ಬಳಿ ಕಾಲುಗಳನ್ನು ಇಟ್ಟವನೂ ಫ್ಲಾವಿಯನ್ನೇ.

ಇಳಿಯುವಾಗ ಮಂಜು ಕವಿಯಿತು. ಇವರ ಕುರ್ಚಿ ಹಿಂದೆ ಉಳಿಯಿತು. ಉಳಿದವರ ಜಪ ಮುಂದೆಲ್ಲೋ ಕೇಳಿ, ಸಣ್ಣದಾಗಿ, ನಿಂತುಹೋಯಿತು. ಆಗ ಹಿಂದಿನಿಂದ ಒಂದು ಸದ್ದು ಬಂತು.

ಟಪ್. ಟಪ್.

ಬರಿಗಾಲಿನ ಹೆಜ್ಜೆಯ ಸದ್ದು. ಫ್ಲಾವಿಯನ್ ನಿಂತ. ಅದೂ ನಿಂತಿತು. ತಿರುಗಿ ನೋಡಿದ. ದಾರಿಯ ನಡುವೆ ಮೇಣದ ಕಾಲುಗಳೆರಡು ನೆಟ್ಟಗೆ ನಿಂತಿದ್ದವು.

ಯಾರೋ ಹುಡುಗಾಟಕ್ಕೆ ತಂದಿಟ್ಟಿರಬೇಕು ಎಂದುಕೊಂಡ. ಆದರೆ ಕಲ್ಲುದಾರಿ ಮಂಜಿನಿಂದ ಪೂರ್ತಿ ಒದ್ದೆಯಾಗಿತ್ತು. ಅದರ ಮೇಲೆ ಗವಿಯ ಕಡೆಯಿಂದ ಇಲ್ಲಿಯವರೆಗೆ ಪುಟ್ಟ ಪುಟ್ಟ ಒಣ ಗುರುತುಗಳಿದ್ದವು. ಒಂದು ಎಡ, ಒಂದು ಬಲ. ಬೇರೆ ಯಾರ ಹೆಜ್ಜೆಯೂ ಅಲ್ಲಿರಲಿಲ್ಲ.

ಅವನು ಹೆದರಿ ಕುರ್ಚಿಯನ್ನು ಜೋರಾಗಿ ತಳ್ಳಿದ. ಟಪ್‌ಟಪ್ ಎಂದು ಸದ್ದೂ ಜೋರಾಯಿತು. ಅವನು ನಿಧಾನಿಸಿದರೆ ಅದೂ ನಿಧಾನಿಸಿತು. ಒಮ್ಮೆಲೇ ಅವನಿಗೆ ಬೇರೊಂದು ಯೋಚನೆ ಬಂತು. ಭಯದ ನಡುವೆಯೂ ಮುಖ ಅರಳಿತು.

"ಜೆಸಿಂತಾ, ಪವಾಡ! ಮಾತೆ ಕಾಲು ಕೊಟ್ಟಿದ್ದಾಳೆ. ಏಳು, ಏಳು!"

ಅವಳ ತೋಳು ಹಿಡಿದು ಎಬ್ಬಿಸಿದ. ಅವಳು ನಿಲ್ಲಲಿಲ್ಲ. ಒದ್ದೆ ಬಟ್ಟೆಯಂತೆ ಅವನ ಮೈಮೇಲೆ ಜೋತುಬಿದ್ದಳು. ಕಾಲುಗಳು ಇನ್ನೊಂದು ಹೆಜ್ಜೆ ಹತ್ತಿರ ಬಂದವು.

"ಅವು ನನ್ನವಲ್ಲ" ಎಂದಳು ಜೆಸಿಂತಾ, ಅವನ ಕಿವಿಯ ಬಳಿ.

"ಮತ್ತೆ ಯಾರದ್ದು?"

"ನಿಮ್ಮವು. ಕೇಳಿದ್ದು ನೀವು."

ಅವನು ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಓಡೋಣವೆಂದು ಹಿಡಿಗೆ ಕೈ ಹಾಕಿದ.

"ನಿಲ್ಲಿ. ನನಗೆ... ನನಗೆ..."

ಮುಂದಿನ ಮಾತು ಬರಲಿಲ್ಲ. ತುಟಿ ಅಲುಗಿತು. ದನಿ ಇರಲಿಲ್ಲ. ಇಷ್ಟು ದಿನ ಇವಳನ್ನು ಸುಮ್ಮನಿರಿಸಿದ್ದು ತಾನು. ಇನ್ನು ಕಾಯಿಲೆಯೇ ಸುಮ್ಮನಿರಿಸುತ್ತದೆ. ಅದು ಅವನಿಗೆ ಆಗ ಹೊಳೆಯಿತು. ಬೆನ್ನ ಹಿಂದಿನ ಸದ್ದಿಗಿಂತ ಆ ಮೌನಕ್ಕೆ ಅವನು ಹೆಚ್ಚು ಹೆದರಿದ.

ಒದ್ದೆ ಕಲ್ಲಿನ ಮೇಲೆ ಅವಳೆದುರು ಕುಳಿತ. "ನಿನಗೆ ಎಂತ ಬೇಕು? ಹೇಳು. ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ."

ಅವಳು ಕಾದಳು. ದನಿ ತುಂಡು ತುಂಡಾಗಿ ಮರಳಿತು.

"ಮಾತು ನಿಂತ ಮೇಲೆ ನೀವು ನನ್ನ ಕಣ್ಣು ನೋಡ್ಬೇಕು. ಮೇಲೆ ನೋಡಿದರೆ ಹೌದು. ಮುಚ್ಚಿದರೆ ಬೇಡ. ಎಡಕ್ಕೆ ನೋಡಿದರೆ ನೋವು. ಇದನ್ನು ಕಲಿಸ್ಬೇಕಂತ ಎಷ್ಟು ದಿನದಿಂದ ನೋಡ್ತಿದ್ದೇನೆ! ಊಟಕ್ಕೆ ಮೂಗಿಗೆ ನಳಿಗೆ ಹಾಕ್ಬೇಕಾ ಬೇಡವಾ ಅಂತ ಹೇಳುವವಳು ನಾನು. ನೀವಲ್ಲ. ಮತ್ತೆ... ನನ್ನನ್ನು ಕೇಳದೆ ನನಗಾಗಿ ಹರಕೆ ಹೊರ್ಬೇಡಿ. ಈಗ ಮನೆಗೆ ಹೋಗುವ."

ಅವನು ಒಂದೊಂದನ್ನೂ ತಿರುಗಿ ಹೇಳಿದ. ತಪ್ಪಿದಲ್ಲಿ ಅವಳು ತಿದ್ದಿದಳು. "ಎಂಜಿನ್ನಿನ ಸದ್ದು ಕೇಳಿ ರೋಗ ಹೇಳ್ತೀರಿ. ಹೆಂಡ್ತಿಯ ಕಣ್ಣು ಅಷ್ಟು ಕಷ್ಟವಾ?" ಎಂದು ನಕ್ಕಳು.

ಅವರು ಮಾತಾಡುತ್ತಿದ್ದಂತೆ ಟಪ್‌ಟಪ್ ಸದ್ದು ಮತ್ತೆ ಶುರುವಾಯಿತು. ಈ ಸಲ ಅದು ಗುಡ್ಡ ಹತ್ತುತ್ತಿತ್ತು. ದೂರ, ಇನ್ನೂ ದೂರ. ಫ್ಲಾವಿಯನ್ ತಿರುಗಲಿಲ್ಲ. ಅವಳ ಕಣ್ಣಿನಿಂದ ಕಣ್ಣು ಕೀಳಲಿಲ್ಲ.

ಕ್ರಿಸ್ಮಸ್ಸಿಗೆ ಮೊದಲೇ ಜೆಸಿಂತಾಳ ಮಾತು ಪೂರ್ತಿ ನಿಂತಿತು. ಪರಮಪ್ರಸಾದ ಕೊಡಲು ಮನೆಗೆ ಬಂದ ಪಾದ್ರಿಗಳು ಮಂಚದ ಬಳಿ ನಿಂತು, "ಪಾಪ, ಒಳಗೊಳಗೇ ಎಂತ ಬೇಡ್ತಾಳೋ" ಎಂದು ಮರುಗಿದರು.

ಫ್ಲಾವಿಯನ್ ಬಾಗಿ ಅವಳ ಕಣ್ಣು ನೋಡಿದ. ಅವು ಮೂಲೆಯ ಸ್ಟೂಲಿನ ಕಡೆ ಹೋದವು. ಅಲ್ಲಿಂದ ಪಾದ್ರಿಗಳ ಕಡೆ ಬಂದವು.

"ಫಾದರಿಗೆ ಕೂರ್ಲಿಕ್ಕೆ ಕೊಡಬೇಕಾ?" ಎಂದು ಕೇಳಿದ.

ಜೆಸಿಂತಾ ಮೇಲೆ ನೋಡಿದಳು.

ನೀತಿ: ಕಾಯಿಲೆಯವರಿಗೆ ಏನು ಬೇಕೆಂದು ನಾವೇ ತೀರ್ಮಾನಿಸಿ ಬೇಡಿದರೆ, ಆ ಪ್ರಾರ್ಥನೆ ನಮ್ಮದು, ಅವರದಲ್ಲ. ಮೊದಲು ಅವರನ್ನು ಕೇಳಬೇಕು. ಉತ್ತರ ಬರುವವರೆಗೆ ಕಾಯಬೇಕು.